ಗಡಿ ದಾಟಿ ಬಂದವರು ಮತ್ತು ನಮ್ಮ ವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು, ಗಂಗಾವತಿ, ತೋರಣಗಲ್ಲು ಕಡೆಯ ಕ್ರೈಸ್ತ ಕುಟುಂಬಗಳು ಆರಾಧನೆ ಮುಗಿದ ಮೇಲೆ, ಮದುವೆ ಮನೆಯಲ್ಲಿ, ಒಮ್ಮೊಮ್ಮೆ ಸಿಟ್ಟಿನಿಂದಲೇ ಕೇಳಿದ ಪ್ರಶ್ನೆಗಳಿವು. ನಾನು ಉಪದೇಶಿಯ ಕೆಲಸ ಮಾಡುವವನು, ವಕೀಲನಲ್ಲ. ಕಾನೂನಿನ ಬಗ್ಗೆ ಇಲ್ಲಿ ಬರೆದದ್ದು ತಿಳಿವಳಿಕೆಗಾಗಿ. ಕೇಸು ಬಿದ್ದರೆ ವಕೀಲರ ಹತ್ತಿರವೇ ಹೋಗಬೇಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸುಳ್ಳು ಕಾಗದಕ್ಕೆ ಕೈ ಹಾಕಬಾರದು, ಹಸಿದು ಬಂದವರ ಮುಂದೆ ಬಾಗಿಲು ಹಾಕಬಾರದು. ಎರಡನ್ನೂ ಒಟ್ಟಿಗೆ ಪಾಲಿಸುವುದು ಸುಲಭವಲ್ಲ. ಆದರೂ ಕ್ರಿಸ್ತನ ಹೆಸರು ಹೇಳುವವರಿಗೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಗಡಿ ಎಲ್ಲೋ ಬಂಗಾಳದಾಗ ಐತಿ. ನಮ್ಮ ಸೀಮೆಗೂ ಅಕ್ರಮ ವಲಸೆಗೂ ಏನ್ರೀ ಸಂಬಂಧ?

ಬಹಳ ಸಂಬಂಧ ಇದೆ. ನಮ್ಮದು ಹೋಗುವವರ ಸೀಮೆಯೂ ಹೌದು, ಬರುವವರ ಸೀಮೆಯೂ ಹೌದು. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವುದು ಯಾರಿಗೆ ಗೊತ್ತಿಲ್ಲ? ಊರಿನಲ್ಲಿ ಮುದುಕರು ಮತ್ತು ಬೀಗ ಮಾತ್ರ ಉಳಿಯುತ್ತವೆ. ಅದೇ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ, ಸಿಂಧನೂರು, ಕಾರಟಗಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಬಿಹಾರ, ಬಂಗಾಳದ ಹುಡುಗರು ಮೂಟೆ ಹೊರುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಜಾರ್ಖಂಡ್, ಒಡಿಶಾದವರು ಶೆಡ್‌ಗಳಲ್ಲಿ ಇದ್ದಾರೆ. ಇವರೆಲ್ಲ ನಮ್ಮ ದೇಶದವರೇ, ಸಂವಿಧಾನ ಕೊಟ್ಟ ಹಕ್ಕಿನಿಂದ ಬಂದವರು. ಆದರೆ 'ಹೊರಗಿನವರು' ಎಂದ ಕೂಡಲೇ ಜನರ ಕಣ್ಣಿಗೆ ಎಲ್ಲರೂ ಒಂದೇ ಆಗಿಬಿಡುತ್ತಾರೆ.

ಇನ್ನು ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳು. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಪ್ರಾಣ ಉಳಿಸಿಕೊಂಡು ಬಂದ ಬಂಗಾಳಿ ಹಿಂದೂ ಕುಟುಂಬಗಳನ್ನು 1970ರ ಆಸುಪಾಸಿನಲ್ಲಿ ಸರ್ಕಾರವೇ ಇಲ್ಲಿ ತಂದು ನೆಲೆಗೊಳಿಸಿತು, ಉಳಲು ಭೂಮಿಯನ್ನೂ ಕೊಟ್ಟಿತು. ಬರ್ಮಾದಿಂದ ಬಂದವರಿಗೂ ಇಲ್ಲೇ ಜಾಗವಾಯಿತು. ಆ ಕ್ಯಾಂಪಿನ ಮೊಮ್ಮಕ್ಕಳು ಇಂದು ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಾರೆ. ಅವರಿಗಿಂತ ಮುಂಚೆ, ಕಾಲುವೆ ಬಂದಾಗ, ಕರಾವಳಿ ಆಂಧ್ರದ ರೈತರು ಬಂದು ಊರಿಗೊಂದು ಕ್ಯಾಂಪ್ ಕಟ್ಟಿಕೊಂಡರು. ಆದ್ದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಕಾನೂನಿನ ಪ್ರಕಾರ 'ಅಕ್ರಮ ವಲಸಿಗ' ಅಂದರೆ ಯಾರು?

ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ದೇಶದೊಳಗೆ ಬಂದ ವಿದೇಶಿ, ಇಲ್ಲವೇ ಸರಿಯಾಗಿ ಬಂದು ಅವಧಿ ಮುಗಿದ ಮೇಲೂ ಉಳಿದ ವಿದೇಶಿ. ಹಳೆಯ ನಾಲ್ಕು ಕಾಯ್ದೆಗಳ ಜಾಗದಲ್ಲಿ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ದಾಖಲೆ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ವೀಸಾ ಮುಗಿದು ಉಳಿದರೆ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ. ನಕಲಿ ಪಾಸ್‌ಪೋರ್ಟ್ ಬಳಸಿದರೆ ಕನಿಷ್ಠ 2 ವರ್ಷ, ಗರಿಷ್ಠ 7 ವರ್ಷ. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆ ಆಪಾದಿತನ ಮೇಲೆಯೇ ಬೀಳುತ್ತದೆ. ಬಡವರಿಗೆ ಅತಿ ಭಾರವಾಗುವುದು ಇದೇ.

ಬಂಗಾಳಿ ಮಾತಾಡ್ತಾರಂದ್ರ ಬಾಂಗ್ಲಾದವ್ರೇ ಅಲ್ಲೇನು?

ಅಲ್ಲ. ಪಶ್ಚಿಮ ಬಂಗಾಳದ ಕೋಟಿಗಟ್ಟಲೆ ಜನ, ತ್ರಿಪುರಾದವರು, ಅಸ್ಸಾಮಿನ ಬರಾಕ್ ಕಣಿವೆಯವರು ಮಾತಾಡುವುದು ಬಂಗಾಳಿಯನ್ನೇ.

ಒಂದು ಗಿರಣಿಯ ಗೇಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಮುರ್ಷಿದಾಬಾದ್ ಜಿಲ್ಲೆಯ ಹುಡುಗ, ಮೈಯೆಲ್ಲ ತೌಡಿನ ಧೂಳು. 'ಎಲ್ಲಿಯವನು' ಎಂದು ಕೇಳುವ ಮೊದಲೇ ಅವನ ಕೈ ಅಂಗಿಯ ಜೇಬಿಗೆ ಹೋಯಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡು, ಅದರ ಹಿಂದೆ ಮತದಾರರ ಚೀಟಿ, ಅದರ ಹಿಂದೆ ನಾಲ್ಕಾಗಿ ಮಡಿಚಿದ ಶಾಲೆಯ ಟಿಸಿ. ಬೆವರಿಗೆ ಟಿಸಿಯ ಮಡಿಕೆಗಳು ಹರಿದು, ಸೆಲೋ ಟೇಪ್ ಹಚ್ಚಿಸಿಕೊಂಡಿದ್ದ. ನಾನು ಕೇಳಿದ್ದು ಗಿರಣಿ ಎಷ್ಟು ಗಂಟೆಗೆ ಬಿಡುತ್ತದೆ ಎಂದು ಮಾತ್ರ. ಅವನು ಮೂರೂ ಕಾಗದ ಬಿಚ್ಚಿ ತೋರಿಸಿದ. ತನ್ನದೇ ದೇಶದಲ್ಲಿ ಒಬ್ಬ ಹುಡುಗ ದಾರಿಹೋಕರಿಗೂ ಕಾಗದ ತೋರಿಸುವ ಸ್ಥಿತಿಗೆ ಬಂದಿದ್ದಾನೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬಾಂಗ್ಲಾದೇಶದವರೆಂದು ದಿಲ್ಲಿಯಲ್ಲಿ ಹಿಡಿದು ಗಡಿಯಾಚೆ ಕಳಿಸಲಾಗಿದ್ದ ಬಂಗಾಳದ ಕುಟುಂಬಗಳನ್ನು ವಾಪಸ್ ಕರೆತರಬೇಕು ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಆದೇಶಿಸಬೇಕಾಯಿತು. ಯಾರು ಪೌರ, ಯಾರು ಅಲ್ಲ ಎಂಬುದನ್ನು ತೀರ್ಮಾನಿಸಲು ಅಧಿಕಾರಿಗಳಿದ್ದಾರೆ, ನ್ಯಾಯಾಲಯಗಳಿವೆ. ಗಿರಣಿ ಮುಂದಿನ ಚಹಾ ಅಂಗಡಿಯಲ್ಲಿ ಅದು ತೀರ್ಮಾನ ಆಗಬಾರದು. ನಿನ್ನ ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ನಮಗಿದೆ. ಗೊತ್ತಿಲ್ಲದೆ 'ಬಾಂಗ್ಲಾದವನು' ಎಂದು ಬಾಯಿಗೆ ಬಂದ ಹಾಗೆ ಹೇಳುವುದೂ ಅದರಲ್ಲಿ ಬರುತ್ತದೆ.

ಬೈಬಲ್ ಪರದೇಶಿಯ ಬಗ್ಗೆ ನಿಜವಾಗಿ ಏನು ಹೇಳುತ್ತದೆ?

ಹಳೆ ಒಡಂಬಡಿಕೆ ಈ ವಿಷಯದಲ್ಲಿ ಬೇಸರವಿಲ್ಲದೆ ಮತ್ತೆ ಮತ್ತೆ ಮಾತಾಡುತ್ತದೆ. ವಿಮೋಚನಕಾಂಡ 22 ಮತ್ತು 23ರಲ್ಲಿ ಪರದೇಶಿಯನ್ನು ಪೀಡಿಸಬೇಡಿ ಎಂಬ ಆಜ್ಞೆ ಇದೆ, ಕಾರಣವೂ ಜೊತೆಗೇ ಇದೆ: ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ, ಆ ಜೀವ ಹೇಗಿರುತ್ತದೆಂದು ನಿಮಗೆ ಗೊತ್ತು. ಯಾಜಕಕಾಂಡ 19 ಇನ್ನೂ ಮುಂದೆ ಹೋಗುತ್ತದೆ. ಅವನನ್ನು ನಿಮ್ಮ ದೇಶದಲ್ಲೇ ಹುಟ್ಟಿದವನಂತೆ ಕಾಣಬೇಕು, ನಿಮ್ಮಂತೆಯೇ ಪ್ರೀತಿಸಬೇಕು. ಗುಳೆ ಹೋಗಿ ಬಂದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಮಲಗಿದವರು, ಮುಂಗಡ ತೀರುವ ತನಕ ಮೇಸ್ತ್ರಿ ಬಿಡದೆ ದುಡಿಸಿಕೊಂಡದ್ದನ್ನು ಕಂಡವರು ಈ ವಚನವನ್ನು ನಮಗೇ ಕಲಿಸಬಲ್ಲರು.

ಹಕ್ಕಲಿನ ಕಾನೂನನ್ನೂ ನೋಡಿ. ಪೈರು ಕೊಯ್ಯುವಾಗ ಹೊಲದ ಅಂಚಿನ ತನಕ ಕೊಯ್ಯಬಾರದು, ಬಿದ್ದ ತೆನೆ ಆಯಬಾರದು. ಅದು ಬಡವರಿಗೂ ಪರದೇಶಿಗೂ ಸೇರಿದ್ದು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಹಕ್ಕಲಾಯುವ ಹೆಣ್ಣುಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ರೂತಳು ಹೀಗೆಯೇ ಬೋವಜನ ಹೊಲಕ್ಕೆ ಬಂದಳು. ಅವಳು ಮೋವಾಬ್ಯಳು. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡ 23 ಹೇಳುತ್ತದೆ. ಅಂದರೆ ಕಾನೂನಿನ ಅಕ್ಷರ ಹಿಡಿದರೆ ಅವಳು ಹೊರಗಿನವಳೇ. ಆದರೂ ಮತ್ತಾಯನು ಯೇಸುವಿನ ವಂಶಾವಳಿ ಬರೆಯುವಾಗ, ಮೊದಲ ಅಧ್ಯಾಯದಲ್ಲೇ, ಅವಳ ಹೆಸರನ್ನು ಸೇರಿಸುತ್ತಾನೆ.

ಇನ್ನೊಂದು ಮುಖವನ್ನು ಮುಚ್ಚಿಡುವುದೂ ಸರಿಯಲ್ಲ. ಅರಣ್ಯಕಾಂಡ 15ರಲ್ಲಿ ನಿಮಗೂ ಪರದೇಶಿಗೂ ಒಂದೇ ಕಟ್ಟಳೆ ಎಂದಿದೆ. ಬಂದವನೂ ಅಲ್ಲಿನ ಕಾನೂನಿಗೆ ಒಳಪಟ್ಟವನೇ. ಕಥೋಲಿಕ ಧರ್ಮೋಪದೇಶ ಗ್ರಂಥದ 2241ನೇ ಪರಿಚ್ಛೇದವೂ ಎರಡನ್ನೂ ಒಟ್ಟಿಗೆ ಹೇಳುತ್ತದೆ: ಅನುಕೂಲವಿರುವ ದೇಶಗಳು ತಮ್ಮ ಶಕ್ತಿ ಇದ್ದಷ್ಟು ಪರದೇಶಿಯನ್ನು ಬರಮಾಡಿಕೊಳ್ಳಬೇಕು, ಬಂದವರು ಆ ದೇಶದ ಕಾನೂನನ್ನೂ ಪರಂಪರೆಯನ್ನೂ ಗೌರವಿಸಬೇಕು. ಗಡಿ ಕಾಯುವ ಹಕ್ಕು ಸರ್ಕಾರಕ್ಕಿದೆ ಎಂಬುದನ್ನು ಸಭೆ ಅಲ್ಲಗಳೆದಿಲ್ಲ.

ಯೇಸುಸ್ವಾಮಿಯೂ ಅಕ್ರಮ ವಲಸಿಗರೇ ಆಗಿದ್ದರು ಎಂದು ಕೆಲವರು ಹೇಳುತ್ತಾರೆ. ನಿಜವೇ?

ಹಾಗೆ ಹೇಳಬೇಡಿ. ಹೆರೋದನ ಕತ್ತಿಗೆ ಹೆದರಿ ಯೋಸೇಫ, ಮರಿಯಳು ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಓಡಿದ್ದು ನಿಜ. ಆದರೆ ಆಗ ವೀಸಾ ಇರಲಿಲ್ಲ. ಐಗುಪ್ತವೂ ಯೂದಾಯವೂ ರೋಮಿನ ಹಿಡಿತದಲ್ಲೇ ಇದ್ದವು. ಕಾನೂನು ಮುರಿದರೋ ಇಲ್ಲವೋ ಎಂಬ ವಾದಕ್ಕೆ ಆ ಕಥೆ ಸಾಕ್ಷಿಯಾಗಲಾರದು. ಅದು ಹೇಳುವ ಸತ್ಯ ಬೇರೆ: ದೇವರ ಮಗನ ಬಾಲ್ಯ ನಿರಾಶ್ರಿತನ ಬಾಲ್ಯ. ಮುಂದೆ ಅವರೇ ಮತ್ತಾಯ 25ರಲ್ಲಿ, ಪರದೇಶಿಯಾಗಿದ್ದ ತನ್ನನ್ನು ಸೇರಿಸಿಕೊಂಡಿರಾ ಇಲ್ಲವಾ ಎಂದು ನ್ಯಾಯತೀರ್ಪಿನ ದಿನ ಕೇಳುವೆನೆಂದಿದ್ದಾರೆ. ಅಲ್ಲಿ ಪರದೇಶಿಯ ಕಾಗದಪತ್ರದ ವಿಚಾರಣೆ ಇಲ್ಲ. ವಿಚಾರಣೆ ನಮ್ಮದು.

ರೋಮಾಪುರದವರಿಗೆ 13ರಲ್ಲಿ ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ಸ್ಪಷ್ಟವಾಗಿ ಇದೆಯಲ್ಲ?

ಇದೆ, ನಾವು ಅದನ್ನು ಒಪ್ಪುತ್ತೇವೆ. ಆದರೆ ಅದೇ ಪತ್ರವನ್ನು ಒಂದು ಪುಟ ಹಿಂದಕ್ಕೆ ತಿರುವಿದರೆ 12ನೇ ಅಧ್ಯಾಯದಲ್ಲಿ ಅತಿಥಿಸತ್ಕಾರ ಮಾಡಿರಿ, ವೈರಿ ಹಸಿದಿದ್ದರೆ ಊಟ ಕೊಡಿರಿ ಎಂದಿದೆ. ಮುಂದಕ್ಕೆ ಓದಿದರೆ ಪ್ರೀತಿಯೇ ಧರ್ಮಶಾಸ್ತ್ರದ ನೆರವೇರಿಕೆ ಎಂದಿದೆ. ಬರೆದ ಪೌಲನೂ ಅಧಿಕಾರಿಗಳ ಮುಂದೆ ಬಾಯಿ ಮುಚ್ಚಿಕೊಂಡು ನಿಂತವನಲ್ಲ. ವಿಚಾರಣೆಯಿಲ್ಲದೆ ಹೊಡೆದದ್ದಕ್ಕೆ ಫಿಲಿಪ್ಪಿಯ ಅಧಿಕಾರಿಗಳೇ ಬಂದು ತನ್ನನ್ನು ಬಿಡಿಸಬೇಕೆಂದು ಹಟ ಹಿಡಿದ. ಕೊನೆಗೆ ಕೈಸರನಿಗೇ ಮೇಲ್ಮನವಿ ಮಾಡಿಕೊಂಡ. ಕಾನೂನಿಗೆ ಅಧೀನನಾಗುವುದೆಂದರೆ ಕಾನೂನು ಕೊಟ್ಟ ರಕ್ಷಣೆಯನ್ನು ಕೇಳಿ ಪಡೆಯುವುದೂ ಹೌದು.

ನಮ್ಮ ಸಂವಿಧಾನದಲ್ಲಿ ಈ ರಕ್ಷಣೆ ಇದೆ. 14 ಮತ್ತು 21ನೇ ವಿಧಿಗಳು ಪೌರರಿಗೆ ಮಾತ್ರವಲ್ಲ, ಈ ನೆಲದಲ್ಲಿರುವ ಪ್ರತಿ ವ್ಯಕ್ತಿಗೂ ಅನ್ವಯಿಸುತ್ತವೆ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಓಡಿಸುವ ಬೆದರಿಕೆ ಬಂದಾಗ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನೇ ಎತ್ತಿಹಿಡಿದು, ಅವರ ಪ್ರಾಣ ಕಾಯುವುದು ರಾಜ್ಯದ ಕರ್ತವ್ಯ ಎಂದಿತು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು 22ನೇ ವಿಧಿಯ ಸಾಮಾನ್ಯ ನಿಯಮ.

ದಾಖಲೆ ಇಲ್ಲದವರನ್ನು ಮನೆಯಲ್ಲೋ ಚರ್ಚಿನಲ್ಲೋ ಬಚ್ಚಿಡಬಹುದೇ?

ಬಚ್ಚಿಡಬೇಡಿ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮ ಇದೆ. ಅದನ್ನು ಮುರಿದರೆ ತೊಂದರೆ ನಿಮಗಷ್ಟೇ ಅಲ್ಲ, ಆಶ್ರಯ ಕೇಳಿ ಬಂದವರಿಗೂ ಹೆಚ್ಚು. ಚರ್ಚಿನೊಳಗೆ ಪೊಲೀಸರು ಬರುವಂತಿಲ್ಲ ಎಂಬ ನಂಬಿಕೆಯೊಂದಿದೆ. ಭಾರತದ ಕಾನೂನಿನಲ್ಲಿ ಅಂಥದ್ದೇನೂ ಇಲ್ಲ.

ಫಿಲೆಮೋನನಿಗೆ ಬರೆದ ಪತ್ರವನ್ನು ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಓದಲು ಕೊಡುತ್ತೇನೆ. ಒಂದೇ ಅಧ್ಯಾಯ, ಚಹಾ ಆರುವುದರೊಳಗೆ ಮುಗಿಯುತ್ತದೆ. ಒನೇಸಿಮ ಯಜಮಾನ ಫಿಲೆಮೋನನನ್ನು ಬಿಟ್ಟು ಬಂದ ದಾಸ. ರೋಮಿನ ಕಾನೂನಿನ ಕಣ್ಣಿಗೆ ಅವನು ಅಕ್ರಮವಾಗಿ ಬಂದವನೇ. ಪೌಲ ಅವನನ್ನು ಬಚ್ಚಿಡಲಿಲ್ಲ, ಸುಳ್ಳು ಹೇಳಲಿಲ್ಲ, ಸರಪಳಿ ಹಾಕಿಸಿಯೂ ಕಳಿಸಲಿಲ್ಲ. ಕೈಯಲ್ಲಿ ಪತ್ರ ಕೊಟ್ಟ: ಇವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ, ಇವನಿಂದ ನಿನಗೆ ಬರಬೇಕಾದ್ದೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು. ಸತ್ಯವನ್ನೂ ಬಿಡದೆ, ಮನುಷ್ಯನನ್ನೂ ಬಿಡದೆ ನಡೆಯುವ ರೀತಿ ಇದು. ನಮ್ಮ ಕಾಲಕ್ಕೆ ಹೊಂದಿಸಿ ಹೇಳುವುದಾದರೆ: ವಕೀಲರನ್ನು ಹುಡುಕಿಕೊಡಿ, ಅಧಿಕಾರಿಯ ಮುಂದೆ ಹೋಗುವಾಗ ಜೊತೆಗೆ ಹೋಗಿ, ಖರ್ಚಿನಲ್ಲಿ ಪಾಲು ತೆಗೆದುಕೊಳ್ಳಿ.

ಊಟ, ನೀರು, ಮೈಮೇಲಿನ ಬಟ್ಟೆ, ಜ್ವರದ ಮಾತ್ರೆ ಇವಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ. ಅಪಘಾತ, ಹೆರಿಗೆಯಂಥ ತುರ್ತು ಹೊತ್ತಿನಲ್ಲಿ ಜೀವ ಉಳಿಸುವುದೇ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಎಲ್ಲ ವೈದ್ಯರಿಗೂ ಹೇಳಿದೆ. ಒಳರೋಗಿಯಾಗಿ ಸೇರಿದ ವಿದೇಶಿಯರ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಗಳ ಮೇಲಿದೆ. ಆ ಭಯದಿಂದ ಜನ ಆಸ್ಪತ್ರೆಗೇ ಹೋಗದೆ ಉಳಿದುಬಿಡುತ್ತಾರೆ. ಜೊತೆಗೊಬ್ಬರು ಇದ್ದರೆ ಆ ಭಯ ಅರ್ಧ ಇಳಿಯುತ್ತದೆ.

ಅನುಮಾನ ಬಂದರೆ ಪೊಲೀಸರಿಗೆ ಹೇಳಬೇಕಾ?

ಮಗುವನ್ನು ಕೂಡಿಹಾಕಿ ದುಡಿಸುತ್ತಿದ್ದರೆ, ಹೆಣ್ಣುಮಗಳನ್ನು ಮಾರಿದ್ದಾರೆಂದು ಗೊತ್ತಾದರೆ, ಹಿಂಸೆ ನಡೆಯುತ್ತಿದ್ದರೆ ತಡಮಾಡಬೇಡಿ: 112, ಮಕ್ಕಳ ವಿಷಯವಾದರೆ 1098. ಅಧಿಕಾರಿ ನಿಮ್ಮನ್ನು ಕೇಳಿದರೆ ಗೊತ್ತಿದ್ದ ಸತ್ಯ ಹೇಳಿ. ಆದರೆ ಲುಂಗಿ ಉಟ್ಟ ರೀತಿ, ಮೀನು ತಿನ್ನುವುದು, ಮಾತಿನ ಧಾಟಿ ಇಷ್ಟನ್ನೇ ಹಿಡಿದು ಫೋನ್ ಎತ್ತುವುದು ನೀಚತನ. ಗುಂಪು ಕಟ್ಟಿಕೊಂಡು ಶೆಡ್ಡಿಗೆ ಹೋಗಿ ಕಾಗದ ಕೇಳುವ ಅಧಿಕಾರ ಯಾವ ಸಂಘಟನೆಗೂ ಇಲ್ಲ. ಅಂಥ ಗುಂಪಿನಲ್ಲಿ ನಮ್ಮ ಹುಡುಗರು ಇರಲೇಬಾರದು.

ಹೊರಗಿನವ್ರು ಬಂದು ಕಡಿಮಿ ಕೂಲಿಗೆ ದುಡೀತಾರ. ನಮ್ಮ ಮಕ್ಕಳ ಹೊಟ್ಟಿ ಪಾಡು?

ಈ ನೋವು ನಿಜವಾದದ್ದು, ಇದನ್ನು ದ್ವೇಷ ಎಂದು ತಳ್ಳಿಹಾಕುವವರಿಗೆ ಕೂಲಿಯ ಕಷ್ಟ ಗೊತ್ತಿಲ್ಲ. ಹಮಾಲಿ ಕೆಲಸ ಕೈತಪ್ಪಿದವನ ಮನೆಯಲ್ಲಿ ರಾತ್ರಿ ಒಲೆ ಉರಿಯುವುದಿಲ್ಲ. ಆದರೆ ಕೂಲಿ ಇಳಿಸಿದವರು ಯಾರು ಎಂದು ಸರಿಯಾಗಿ ನೋಡಬೇಕು.

ನಮ್ಮ ಕಡೆ ಒಂದು ಗಿರಣಿಯಲ್ಲಿ ಹೊರಗಿನ ಹುಡುಗರಿಗೆ ಬಾಕಿ ಕೂಲಿ ಕೊಡದೆ, ಕೇಳಲು ಬಂದಾಗ 'ನೀವು ಬಾಂಗ್ಲಾದವ್ರು ಅಂತ ಸ್ಟೇಷನ್ನಿಗೆ ಹೇಳ್ತೀನಿ' ಎಂದು ಗುತ್ತಿಗೆದಾರ ಗದರಿಸಿದ. ಅವರೆಲ್ಲ ಮಾಲ್ದಾ ಜಿಲ್ಲೆಯವರು, ಭಾರತೀಯರೇ. ಆದರೂ ಅರ್ಧ ಜನ ಅಂದೇ ರಾತ್ರಿ ರೈಲು ಹತ್ತಿದರು, ಕೂಲಿ ಅಲ್ಲೇ ಉಳಿಯಿತು. ಮರುವಾರ ಅದೇ ಗುತ್ತಿಗೆದಾರ ಊರಿನ ಹಮಾಲರಿಗೆ ಹೇಳಿದ: ಅವರು ಇಷ್ಟಕ್ಕೇ ದುಡಿಯುತ್ತಿದ್ದರು, ನೀವೂ ದುಡಿಯಿರಿ. ಒಬ್ಬರ ಭಯದಿಂದ ಇನ್ನೊಬ್ಬರ ಕೂಲಿ ಇಳಿಯುವುದು ಹೀಗೆ. ಸಮಾನ ಕೂಲಿ ಎಲ್ಲರಿಗೂ ಸಿಕ್ಕರೆ, ಕಡಿಮೆಗೆ ದುಡಿಸಿಕೊಳ್ಳಲು ಹೊರಗಿನವರನ್ನು ಕರೆತರುವ ಆಸೆಯೇ ಗುತ್ತಿಗೆದಾರನಿಗೆ ಉಳಿಯುವುದಿಲ್ಲ.

ಧರ್ಮೋಪದೇಶಕಾಂಡ 24 ಕೂಲಿಯವನು ಸಹೋದರನಾಗಲಿ ಪರದೇಶಿಯಾಗಲಿ, ಹೊತ್ತು ಮುಳುಗುವುದರೊಳಗೆ ಕೂಲಿ ಕೊಡು ಎನ್ನುತ್ತದೆ. ನಮ್ಮಲ್ಲೇ ಗುತ್ತಿಗೆ ಹಿಡಿಯುವವರು, ಗದ್ದೆ ಇರುವವರು ಇದ್ದಾರೆ. ಕೂಲಿ ಹಿಡಿದಿಟ್ಟುಕೊಂಡು ಭಾನುವಾರ ಕಾಣಿಕೆ ಹಾಕಿದರೆ ಆ ಕಾಣಿಕೆಗೆ ಬೆಲೆ ಇಲ್ಲ ಎಂದು ಅವರ ಮುಂದೆಯೇ ನಾನು ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಸಿಎಎ ಕ್ರೈಸ್ತರಿಗೂ ಅನ್ವಯಿಸುತ್ತದೆಯೇ? ಕ್ಯಾಂಪಿನವರಿಗೆ ಏನಾಯಿತು?

ಅನ್ವಯಿಸುತ್ತದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರಿಗೆ ದಾರಿ ಕೊಡುತ್ತದೆ. ನಿಯಮಗಳು ಬಂದದ್ದು 2024ರ ಮಾರ್ಚ್‌ನಲ್ಲಿ. ಅದೇ ವರ್ಷ ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿತು. ದಶಕಗಳ ಕಾಲ ಇಲ್ಲೇ ಭತ್ತ ಬೆಳೆದು, ಮಕ್ಕಳ ಮದುವೆ ಮಾಡಿ, ಕಾಗದದಲ್ಲಿ ಮಾತ್ರ ಪರದೇಶಿಗಳಾಗಿ ಉಳಿದವರಿಗೆ ಅದು ಎಂಥ ದಿನ! ನಾವು ಅವರ ಜೊತೆ ಸಂತೋಷಪಡಬೇಕು.

ಗೊಂದಲ ಆಗುವ ಒಂದು ಸಂಗತಿ ಇದೆ. 2025ರ ಸೆಪ್ಟೆಂಬರ್‌ನ ವಿನಾಯಿತಿ ಆದೇಶ, ಅದೇ ಮೂರು ದೇಶಗಳಿಂದ ಧಾರ್ಮಿಕ ಹಿಂಸೆಗೆ ಹೆದರಿ 2024ರ ಡಿಸೆಂಬರ್ 31ರ ತನಕ ಬಂದ ಇದೇ ಸಮುದಾಯಗಳವರಿಗೆ ದಾಖಲೆ ಇಲ್ಲದ್ದಕ್ಕೆ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿದೆ. ಶಿಕ್ಷೆ ಇಲ್ಲ ಎಂದಷ್ಟೇ ಅದರ ಅರ್ಥ. ಪೌರತ್ವಕ್ಕೆ 2014ರ ಗಡುವು ಹಾಗೆಯೇ ಇದೆ. 'ಗಡುವು ಹತ್ತು ವರ್ಷ ಮುಂದೆ ಹೋಗಿದೆ, ದುಡ್ಡು ಕೊಡಿ' ಎಂದು ಬರುವ ದಲ್ಲಾಳಿಗಳನ್ನು ನಂಬಬೇಡಿ.

ಇಲ್ಲೇ ಹುಟ್ಟಿದ ಮಕ್ಕಳು ಭಾರತೀಯರೇ ಅಲ್ಲವೇ?

ಹುಟ್ಟಿದ ದಿನಾಂಕದ ಮೇಲೆ ಹೋಗುತ್ತದೆ. 1987ರ ಜುಲೈ 1ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅಲ್ಲಿಂದ 2004ರ ಡಿಸೆಂಬರ್ 3ರ ಮುಂಚಿನವರೆಗೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಅದರ ನಂತರ ಹುಟ್ಟಿದ್ದರೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಪೌರತ್ವ ಏನೇ ಇರಲಿ, ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿನ ಬಗ್ಗೆ ಮಾತಾಡುತ್ತದೆ. ಮಗು ಗಡಿ ದಾಟುವ ತೀರ್ಮಾನ ಮಾಡಿದ್ದಲ್ಲ. ಅದನ್ನು ಶಾಲೆಯಿಂದ ಹೊರಗಿಡುವುದಕ್ಕೆ ನನಗೆ ಯಾವ ಸಮರ್ಥನೆಯೂ ತಿಳಿಯದು.

ಅವ್ರು ನಮ್ಮ ಧರ್ಮದವ್ರಲ್ಲ. ರೋಹಿಂಗ್ಯಾಗಳಿಗೂ ನಾವೇ ಸಹಾಯ ಮಾಡ್ಬೇಕೇನ್ರೀ?

ಲೂಕ 10ರ ಕಥೆಯಲ್ಲಿ ಗಾಯಗೊಂಡವನ ಹತ್ತಿರ ನಿಂತವನು ಯೆಹೂದ್ಯರು ಹತ್ತಿರಕ್ಕೂ ಸೇರಿಸದ ಸಮಾರ್ಯದವನು. ಯಾಜಕನೂ ಲೇವಿಯನೂ ಓರೆಯಾಗಿ ಹೋದರು. ನೆರೆಯವನು ಯಾರೆಂದು ಕೇಳಿದವನಿಗೆ ಯೇಸು ಕೊಟ್ಟ ಉತ್ತರ ಅದು. ಅದರ ಮುಂದೆ ನನ್ನ ಬಳಿ ಬೇರೆ ಉತ್ತರವಿಲ್ಲ.

ಕಾನೂನಿನ ಸ್ಥಿತಿ ಬೇರೆ ಬೇರೆ ಎಂಬುದು ನಿಜ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಮ್ಯಾನ್ಮಾರ್ ಸಿಎಎ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ರೋಹಿಂಗ್ಯಾ ಮುಸ್ಲಿಮರಿಗೆ ಮಾತ್ರವಲ್ಲ, ಅದೇ ದೇಶದಿಂದ ಬಂದ ಚಿನ್ ಕ್ರೈಸ್ತರಿಗೂ ಅದರಿಂದ ಪ್ರಯೋಜನವಿಲ್ಲ. 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಸಾವಿರಾರು ಚಿನ್ ಜನ ಮಿಜೋರಾಮಿಗೆ ಓಡಿಬಂದರು. ಒಳಬಿಡಬೇಡಿ ಎಂದು ಕೇಂದ್ರ ಸೂಚಿಸಿತು. ಮಿಜೋ ಸಭೆಗಳು, ಊರಿನ ಯುವಕರು ಅಕ್ಕಿ, ಕಂಬಳಿ ಕೂಡಿಸಿಕೊಟ್ಟರು. ಅಲ್ಲಿನ ಮುಖ್ಯಮಂತ್ರಿಯೇ ಅವರ ಪರವಾಗಿ ಪ್ರಧಾನಿಗೆ ಪತ್ರ ಬರೆದರು. ಆಶ್ರಯ ಕೊಟ್ಟದ್ದನ್ನು ಅವರು ಗುಟ್ಟಾಗಿಡಲಿಲ್ಲ. ನನಗೆ ಅದರಲ್ಲಿ ಪೌಲನ ಪತ್ರದ ನೆರಳು ಕಾಣುತ್ತದೆ.

ಸಹಾಯ ಮಾಡಿದರೆ ಮತಾಂತರ ಮಾಡುತ್ತಿದ್ದೀರಿ ಎನ್ನುತ್ತಾರಲ್ಲ?

ಹೇಳುತ್ತಾರೆ. ಅದಕ್ಕಾಗಿ ಊಟದ ಜೊತೆ ಪತ್ರಿಕೆ ಹಂಚಬೇಡಿ, ಔಷಧಿ ಕೊಟ್ಟು ಪ್ರಾರ್ಥನೆಗೆ ಬನ್ನಿ ಎನ್ನಬೇಡಿ. ಹೆದರಿ ನಿಂತವನ ಮುಂದೆ ಅನ್ನವನ್ನೂ ಧರ್ಮವನ್ನೂ ಒಟ್ಟಿಗೆ ಇಟ್ಟರೆ ಅವನಿಗೆ ಆಯ್ಕೆ ಎಲ್ಲಿ ಉಳಿಯಿತು? ಸಾಧ್ಯವಾದರೆ ಊರಿನ ಮಠದವರು, ದರ್ಗಾದವರ ಜೊತೆ ಸೇರಿ ಮಾಡಿ. ದಾಸೋಹದ ನಾಡಿದು. ಹಸಿದವರಿಗೆ ಉಣಬಡಿಸುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ.

ಆಧಾರ್ ಮಾಡಿಸಿಕೊಡಿ, ಚರ್ಚಿನ ಲೆಟರ್ ಕೊಡಿ ಎಂದು ಕೇಳಿದರೆ?

ಗೊತ್ತಿದ್ದ ಸತ್ಯವನ್ನು ಮಾತ್ರ ಬರೆದುಕೊಡಿ. ಇಲ್ಲಿ ಹುಟ್ಟದ ಮಗುವಿಗೆ ಇಲ್ಲಿ ಹುಟ್ಟಿದ ದಾಖಲೆ, ಆಗದ ದೀಕ್ಷಾಸ್ನಾನದ ಪ್ರಮಾಣಪತ್ರ, ಸುಳ್ಳು ವಿಳಾಸ ಇವು ಕರುಣೆಯಲ್ಲ. ಸಿಕ್ಕಿಬಿದ್ದ ದಿನ ದಾಖಲೆ ಇಲ್ಲದ್ದಕ್ಕಿಂತ ನಕಲಿ ದಾಖಲೆ ಇಟ್ಟುಕೊಂಡದ್ದೇ ಅವರಿಗೆ ದೊಡ್ಡ ಕೇಸಾಗುತ್ತದೆ. ಅಂದಹಾಗೆ, ಆಧಾರ್ ಪೌರತ್ವದ ಪುರಾವೆಯೇ ಅಲ್ಲ.

ನಮ್ಮ ಮಗನೇ ಗಲ್ಫ್‌ನಲ್ಲಿ ವೀಸಾ ಮುಗಿದು ಸಿಕ್ಕಿಹಾಕಿಕೊಂಡಿದ್ದಾನೆ. ಏನು ಮಾಡಲಿ?

ಈ ಪ್ರಶ್ನೆ ಕೇಳುವ ತಾಯಂದಿರು ದನಿ ತಗ್ಗಿಸಿ ಕೇಳುತ್ತಾರೆ. ತಗ್ಗಿಸಬೇಕಾಗಿಲ್ಲ ಅಮ್ಮ. ಬೇರೆ ದೇಶದಲ್ಲಿ ನಮ್ಮ ಮಕ್ಕಳೂ 'ಅಕ್ರಮ ವಲಸಿಗರು' ಆಗುತ್ತಾರೆ, ಹೆಚ್ಚಿನವರು ಮೋಸದಿಂದ. ಕೆಲಸದ ವೀಸಾ ಎಂದು ಹೇಳಿ ಪ್ರವಾಸಿ ವೀಸಾದಲ್ಲಿ ಕಳಿಸುತ್ತಾರೆ. ಮಾಲೀಕ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾನೆ. ಅಲ್ಲಿಂದ ಓಡಿದ ದಿನವೇ ಹುಡುಗ ಅಕ್ರಮ.

ಅವನು ಮೊದಲು ಆ ದೇಶದ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಪಾಸ್‌ಪೋರ್ಟ್ ಇಲ್ಲದಿದ್ದರೆ ಊರಿಗೆ ಬರಲು ತುರ್ತು ಪ್ರಮಾಣಪತ್ರ, ಜನ ಔಟ್‌ಪಾಸ್ ಎನ್ನುವುದು, ಅಲ್ಲಿ ಸಿಗುತ್ತದೆ. ನೀವು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಕೈಯಲ್ಲಿ ಕಾಸಿಲ್ಲದವರಿಗೆ ರಾಯಭಾರ ಕಚೇರಿಗಳಲ್ಲಿ ಕಲ್ಯಾಣ ನಿಧಿಯೂ ಇದೆ. ಕೆಲವು ದೇಶಗಳು ಆಗಾಗ ಕ್ಷಮಾದಾನದ ಅವಧಿ ಪ್ರಕಟಿಸುತ್ತವೆ. ಯುಎಇ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಕೊಟ್ಟಿತ್ತು. ಅಂಥ ಸುದ್ದಿ ಬಂದಾಗ 'ಇನ್ನೂ ಎರಡು ತಿಂಗಳು ದುಡಿದು ಬರ್ತೀನಿ' ಎಂದು ಮಗ ಹೇಳಿದರೆ ಒಪ್ಪಬೇಡಿ.

ಇನ್ನೂ ಹೋಗದವರಿಗೆ: ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅದಕ್ಕಿಂತ ಹೆಚ್ಚಿಲ್ಲ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂಬ ಮಾತಿಗೆ ಮರುಳಾಗಿ ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದ ನೂರಾರು ಭಾರತೀಯರನ್ನು ಸರ್ಕಾರ 2025ರಲ್ಲಿ ವಿಮಾನ ಕಳಿಸಿ ಕರೆತರಬೇಕಾಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನ ನಮ್ಮವರನ್ನು ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದಿಳಿಸಿದಾಗ ನಮಗೆಲ್ಲ ಹೊಟ್ಟೆ ಉರಿಯಿತು. ಕಾಗದ ಇಲ್ಲದಿದ್ದರೂ ಮನುಷ್ಯರಲ್ಲವೇ ಎಂದು ಕೇಳಿದೆವು. ನಮ್ಮ ಊರಿನ ಶೆಡ್ಡಿನಲ್ಲಿರುವವರ ಬಗ್ಗೆಯೂ ಅದೇ ಪ್ರಶ್ನೆ ಕೇಳೋಣ.

ಯಾರಾದರೂ ಈಗಾಗಲೇ ಬಂಧನದಲ್ಲಿದ್ದರೆ?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ವಿಚಾರಿಸಬಹುದು, ಸಹಾಯವಾಣಿ 15100. ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು, ಮಾನವ ಸಾಗಣೆಗೆ ಬಲಿಯಾದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಕರ್ನಾಟಕದಲ್ಲಿ ವಿದೇಶಿಯರನ್ನು ಇರಿಸುವ ಕೇಂದ್ರ ನೆಲಮಂಗಲ ಬಳಿಯ ಸೊಂಡೆಕೊಪ್ಪದಲ್ಲಿದೆ. ಅಲ್ಲಿಗೆ ಸಾಗಿಸಿದರೆ ಇಲ್ಲಿನ ಮಕ್ಕಳು ಮರಿಗೆ ಅವರ ಸುದ್ದಿಯೇ ಸಿಗದೆ ಹೋಗಬಹುದು. ಹೆಸರು, ಕೇಸಿನ ನಂಬರು ಬರೆದಿಟ್ಟುಕೊಂಡು ಮನೆಯವರಿಗೆ ತಲುಪಿಸುವುದು ನಮ್ಮ ಕೈಲಾಗುವ ಕೆಲಸ. ಸೆರೆಯಲ್ಲಿದ್ದಾಗ ನನ್ನನ್ನು ನೋಡಲು ಬಂದಿರಿ ಎಂಬ ಮಾತೂ ಮತ್ತಾಯ 25ರದ್ದೇ.

ಮಾತಾಡಿಸೋಣ ಅಂದ್ರ ಭಾಷಿನೇ ಬರಂಗಿಲ್ಲಲ್ರೀ?

ಸಿಂಧನೂರಿನ ಕ್ಯಾಂಪ್ ಹುಡುಗ ಹುಡುಗಿಯರನ್ನು ಕೇಳಿ. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಗಿರಣಿಯಲ್ಲಿ ಹಿಂದಿ, ಮೂರೂ ಅವರ ಬಾಯಲ್ಲಿವೆ. ಆಸ್ಪತ್ರೆಗೋ ಕೋರ್ಟಿಗೋ ಬರಬೇಕೆಂದು ಕೇಳಿದಾಗ ಬಸ್ ಚಾರ್ಜು ಕೊಡಿ, ಅಂದಿನ ಕೂಲಿ ಹೋಗಿದ್ದರೆ ಅದನ್ನೂ ತುಂಬಿಕೊಡಿ. ಹೆಂಗಸರ ವಿಷಯವಾದರೆ ಹೆಣ್ಣುಮಗಳನ್ನೇ ಕರೆದುಕೊಂಡು ಹೋಗಿ, ಗಂಡಸರ ಮುಂದೆ ಅವರು ಬಾಯಿ ಬಿಡುವುದಿಲ್ಲ.